ನಮ್ಮ ಊರಿನ ಪ್ರಶ್ನೆಯನ್ನು ನಮ್ಮ ಮಕ್ಕಳು ಹೊರದೇಶದಲ್ಲಿ ಓದಬಾರದೇಕೆ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯೊಂದಿಗೆ ಬಂದ ವಿದೇಶ ವ್ಯಾಸಂಗದ ವಿಶೇಷ ಪುರವಣಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಎಂ.ಎಸ್., ಎಂ.ಬಿ.ಎ., ವೈದ್ಯಕೀಯ, ನರ್ಸಿಂಗ್, ಹೋಟೆಲ್ ಮ್ಯಾನೇಜ್‌ಮೆಂಟ್ ಇವೆಲ್ಲವುಗಳ ಬಗ್ಗೆ ಉಪಯುಕ್ತ ಮಾಹಿತಿ ಅದರಲ್ಲಿತ್ತು. ಆದರೆ ಸಮಾಜಶಾಸ್ತ್ರ, ಮಾನವಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಕಾರ್ಯ ಓದಿದ ವಿದ್ಯಾರ್ಥಿಗೆ ಹೊರದೇಶದಲ್ಲಿ ಏನು ದಾರಿ ಇದೆ ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಇದು ಪತ್ರಿಕೆಯೊಂದರದೇ ಲೋಪವೆಂದು ನಾನು ಭಾವಿಸುವುದಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ಸಮಾಜಶಾಸ್ತ್ರ ಬೋಧಿಸಿ ನಿವೃತ್ತಳಾದ ನಾನು ಇದೇ ಮೌನವನ್ನು ಮನೆಗಳಲ್ಲಿ, ಬ್ಯಾಂಕುಗಳಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಕೊನೆಗೆ ಸರ್ಕಾರದ ಆದೇಶಗಳಲ್ಲಿಯೂ ಕಂಡಿದ್ದೇನೆ. ಆ ಕಾರಣದಿಂದಲೇ ಸ್ವಲ್ಪ ದೀರ್ಘವಾದ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಮ್ಮ ಕರಾವಳಿ ಪರದೇಶಕ್ಕೆ ಹೊಸತಲ್ಲ. ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ, ಬಜಪೆಯ ವಿಮಾನ ನಿಲ್ದಾಣದಲ್ಲಿ ಕಣ್ಣೊರೆಸಿಕೊಳ್ಳುವ ತಾಯಂದಿರನ್ನು ನೋಡದ ದಿನವಿಲ್ಲ. ವಿದ್ಯೆಯ ವಿಷಯದಲ್ಲೂ ಹಾಗೆಯೇ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಇಲ್ಲಿಂದಲೇ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರು. ಫರ್ಡಿನಾಂಡ್ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಈ ಇಬ್ಬರಿಗೂ ಗೌರವ ಡಾಕ್ಟರೇಟ್ ಕೊಟ್ಟದ್ದು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ. ಇತ್ತೀಚಿನ ಕಾಲಕ್ಕೆ ಬಂದರೆ, ಅಮೆರಿಕದ ಪೀಟರ್ ಕ್ಲಾಸ್ ತುಳುನಾಡಿನ ಬಂಧುತ್ವ ಪದ್ಧತಿ ಮತ್ತು ಸಿರಿ ಆರಾಧನೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಫಿನ್ಲೆಂಡಿನ ಲೌರಿ ಹಾಂಕೊ ನಮ್ಮದೇ ವಿದ್ವಾಂಸರ ಜೊತೆಗೂಡಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಮೌಖಿಕ ಕಾವ್ಯವಾದ ಸಿರಿ ಸಂಧಿಯನ್ನು 1990ರಲ್ಲಿ ಧ್ವನಿಮುದ್ರಿಸಿಕೊಂಡು, 15,683 ಸಾಲುಗಳ ಆ ಮಹಾಕಾವ್ಯವನ್ನು 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಿಸಿದರು. ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಹೈಡ್ರೂನ್ ಬ್ರೂಕ್ನರ್ ಅವರು ತುಳುವಿನ ಮೌಖಿಕ ಕಥನಗೀತೆಗಳಾದ ಪಾಡ್ದನಗಳ ಮೇಲೆ ಮಾಡಿದ ಕೆಲಸ ಇಲ್ಲಿನ ಜಾನಪದ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ.

ಇವರೆಲ್ಲ ಬಂದದ್ದು ನಮ್ಮ ಭಾಗ್ಯ. ಹೊರಗಿನವರು ನಮ್ಮ ಬಗ್ಗೆ ಬರೆಯಬಾರದು ಎಂಬ ಮಾತಿಗೆ ನನ್ನ ಸಮ್ಮತಿ ಎಂದೂ ಇರಲಿಲ್ಲ, ಈಗಲೂ ಇಲ್ಲ. ನನ್ನ ಅಳಲು ಬೇರೆ. ದೈವಗಳಿಗೆ ನಡೆಸುವ ನಮ್ಮ ನೇಮ, ತಾಯಿಯ ಕಡೆಯಿಂದ ವಂಶ ಎಣಿಸುವ ನಮ್ಮ ಅಳಿಯಸಂತಾನ, ಊರಿನ ಹಿರಿಯ ಮನೆತನಗಳಾದ ನಮ್ಮ ಗುತ್ತು ಬರ್ಕೆಗಳು ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಗಂಭೀರ ಅಧ್ಯಯನದ ವಿಷಯಗಳಾಗಿರುವಾಗ, ಆ ನೇಮ ಕಟ್ಟುವ ಮನೆಯ ಹುಡುಗ, ಆ ಗುತ್ತಿನ ಗದ್ದೆಯಲ್ಲಿ ನೇಜಿ ನೆಟ್ಟವಳ ಮಗಳು ಅದೇ ವಿಶ್ವವಿದ್ಯಾಲಯಗಳ ತರಗತಿಯಲ್ಲಿ ಕುಳಿತು ಅದೇ ವಿಷಯವನ್ನು ಓದುವುದು ಇಷ್ಟು ಅಪರೂಪವೇಕೆ?

ಹೋದವರು ಇಲ್ಲವೆಂದಲ್ಲ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಕೊಡಗಿನ ಬಗ್ಗೆ ತಾವು ಸಂಗ್ರಹಿಸಿದ್ದ ಸಾಮಗ್ರಿಯನ್ನು ಹೊತ್ತುಕೊಂಡೇ ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ಮಾನವಶಾಸ್ತ್ರಜ್ಞರಾದ ರ‍್ಯಾಡ್‌ಕ್ಲಿಫ್ ಬ್ರೌನ್ ಮತ್ತು ಇವಾನ್ಸ್ ಪ್ರಿಚರ್ಡ್ ಅವರ ಬಳಿ ಅದನ್ನೇ ಹೊಸ ಕಣ್ಣಿನಿಂದ ನೋಡಿ 1947ರಲ್ಲಿ ಡಾಕ್ಟರೇಟ್ ಪಡೆದರು. 1952ರಲ್ಲಿ ಅದು ಪುಸ್ತಕವಾಯಿತು. ಇಂದು ನಮ್ಮ ಪಿಯುಸಿ ಮಕ್ಕಳೂ ಬರೆಯುವ, ಕೆಳಗಿನ ಜಾತಿಗಳು ಮೇಲಿನ ಜಾತಿಗಳ ಆಚಾರಗಳನ್ನು ಅನುಸರಿಸಿ ಮೇಲೇರಲು ನೋಡುವುದನ್ನು ಹೇಳುವ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಆ ಪುಸ್ತಕದಿಂದ ಪ್ರಸಿದ್ಧವಾದದ್ದು. ಸಾಮಗ್ರಿ ಕೊಡಗಿನದು, ಅದನ್ನು ಹದಗೊಳಿಸಿದ ತರಬೇತಿ ಆಕ್ಸ್‌ಫರ್ಡಿನದು, ಪ್ರಯೋಜನ ಇಡೀ ಭಾರತದ್ದು. ಹೊರದೇಶದಲ್ಲಿ ಸಮಾಜಶಾಸ್ತ್ರ ಓದುವುದೆಂದರೆ ನನ್ನ ತಿಳಿವಳಿಕೆಯಲ್ಲಿ ಇದೇ.

ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳ ವಿಷಯವನ್ನು ಅವರ ಒಪ್ಪಿಗೆಯಿಂದ, ಹೆಸರು ಹೇಳದೆ ಬರೆಯುತ್ತೇನೆ.

ಒಬ್ಬಳು ಬಂಟ್ವಾಳ ಕಡೆಯ ಹುಡುಗಿ. ತಾಯಿ ಬೀಡಿ ಕಟ್ಟುತ್ತಾರೆ. ಯುರೋಪಿನ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕುವಾಗ ಎಸ್‌ಒಪಿ ಎಂದು ಕರೆಯುವ ಉದ್ದೇಶ ಪತ್ರವೊಂದನ್ನು ಬರೆಯಬೇಕಾಗುತ್ತದೆ. ಅವಳು ಬರೆದು ತಂದ ಮೊದಲ ಪ್ರತಿ ‘ಬಾಲ್ಯದಿಂದಲೂ ನನಗೆ ಸಮಾಜದ ಬಗ್ಗೆ ಆಸಕ್ತಿ’ ಎಂದು ಆರಂಭವಾಗಿತ್ತು. ಅದನ್ನು ಬದಿಗಿಟ್ಟು, ನಿನ್ನ ಮನೆಯಲ್ಲಿ ನಿನಗೆ ಇಂದಿಗೂ ಅರ್ಥವಾಗದೆ ಉಳಿದ ಸಂಗತಿ ಯಾವುದು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಹೇಳಿದ ವಿಷಯ ಇದು. ಬೀಡಿ ಬ್ರಾಂಚಿನ ಪುಸ್ತಕದಲ್ಲಿರುವುದು ತಾಯಿಯ ಹೆಸರು ಮಾತ್ರ. ಭವಿಷ್ಯ ನಿಧಿ ಜಮೆಯಾಗುವುದೂ ಆ ಒಂದೇ ಹೆಸರಿಗೆ. ಆದರೆ ಎಲೆ ಕತ್ತರಿಸುವುದು ಅಜ್ಜಿ, ಶಾಲೆಯಿಂದ ಬಂದು ತಡ್ಪೆ (ಮೊರ) ಮಡಿಲಿಗೆ ಎಳೆದುಕೊಂಡು ಸುರುಳಿ ಸುತ್ತುವುದು ಇಬ್ಬರು ಹೆಣ್ಣುಮಕ್ಕಳು, ಬಾಯಿ ಮಡಿಸಿ ಕಟ್ಟು ಕಟ್ಟುವುದು ಮದುವೆಯಾಗಿ ತವರಿಗೆ ಬಂದಿರುವ ಚಿಕ್ಕಮ್ಮ. ಪುಸ್ತಕದಲ್ಲಿ ‘ಒಂದು ಸಾವಿರ’ ಎಂದು ಬರೆದರೆ ಆ ಸಾವಿರದ ಹಿಂದೆ ಐದು ಜೊತೆ ಕೈಗಳಿವೆ, ಲೆಕ್ಕಕ್ಕೆ ಸಿಗುವುದು ಒಂದು ಜೊತೆ ಮಾತ್ರ. ‘ಮೇಡಂ, ನಾನು ಹತ್ತು ವರ್ಷ ಬೀಡಿ ಕಟ್ಟಿದ್ದೇನೆ, ಆದರೆ ಯಾವ ದಾಖಲೆಯಲ್ಲೂ ನಾನು ಬೀಡಿ ಕಾರ್ಮಿಕಳಲ್ಲ’ ಎಂದಳು. ಇದಕ್ಕಿಂತ ಒಳ್ಳೆಯ ಸಮಾಜಶಾಸ್ತ್ರದ ಪ್ರಶ್ನೆಯನ್ನು ಮೂವತ್ತೊಂದು ವರ್ಷಗಳಲ್ಲಿ ನಾನು ತರಗತಿಯಲ್ಲಿ ಕೇಳಿರಲಿಲ್ಲ.

ಆ ಪ್ರಶ್ನೆಯನ್ನೇ ಬರೆದಳು. ಮೊದಲ ವರ್ಷ ಅರ್ಜಿ ಗಡುವಿನೊಳಗೆ ತಲುಪಲಿಲ್ಲ, ಏಕೆಂದರೆ ಅಂಕಪಟ್ಟಿಯ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಅವಳ ಕೈಸೇರುವಾಗ ಹನ್ನೊಂದು ವಾರಗಳು ಕಳೆದಿದ್ದವು. ಪರೀಕ್ಷಾಂಗ ವಿಭಾಗದ ಕಿಟಕಿಯ ಮುಂದೆ ಅವಳು ಏಳು ಬಾರಿ ನಿಂತಿದ್ದಳು, ಎರಡು ಬಾರಿ ನಾನೂ ಜೊತೆಗಿದ್ದೆ. ಮರುವರ್ಷ ಯುರೋಪಿನ ಎರಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಸಿಕ್ಕಿತು. ಈ ಯೋಜನೆಯಲ್ಲಿ ಕನಿಷ್ಠ ಎರಡು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಓದಬೇಕು. ಆಯ್ಕೆಯಾದವರಿಗೆ ಬೋಧನಾ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೊ ಜೀವನವೆಚ್ಚಕ್ಕೆ ಬರುತ್ತದೆ. ಅವಳ ತಾಯಿ ಒಂದು ರೂಪಾಯಿಯ ಸಾಲವನ್ನೂ ಮಾಡಬೇಕಾಗಲಿಲ್ಲ.

ಸಾಲದ ಮಾತನ್ನೂ ಹೇಳಿಬಿಡುತ್ತೇನೆ. ವಿದ್ಯಾರ್ಥಿವೇತನದ ಫಲಿತಾಂಶ ಬರುವ ಮೊದಲು ಅವಳ ಜೊತೆ ನಾನು ಬ್ಯಾಂಕೊಂದಕ್ಕೆ ಹೋಗಿದ್ದೆ. ಅಧಿಕಾರಿ ಸಜ್ಜನರೇ. ಕಾಗದಪತ್ರ ನೋಡಿ, ‘ಇದು ಓದಿ ಬಂದರೆ ಸಂಬಳ ಎಷ್ಟು ಬರ್ತದಮ್ಮಾ?’ ಎಂದು ಕೇಳಿದರು. ಅವಳು ಉತ್ತರ ಹುಡುಕುತ್ತಿದ್ದಾಗ, ‘ತಂಗಿಗೆ ಇಂಜಿನಿಯರಿಂಗ್ ಸಿಕ್ಕಿದರೆ ಹೇಳಿ, ಕೂಡಲೇ ಮಾಡಿಕೊಡುವ’ ಎಂದರು. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತಾರೆ. ಅವರಲ್ಲಿದ್ದದ್ದು ಐದು ಸೆಂಟ್ಸ್ ಜಾಗ, ಅದಕ್ಕೂ ಪಂಚಾಯತಿಯ ಆಸ್ತಿ ದಾಖಲೆಯಾದ 9/11 ಆಗಿರಲಿಲ್ಲ. ಕೆಲವು ಬ್ಯಾಂಕುಗಳು ತಮ್ಮದೇ ಪಟ್ಟಿಯಲ್ಲಿರುವ ವಿಶ್ವವಿದ್ಯಾಲಯಗಳಿಗೆ ಅಡಮಾನವಿಲ್ಲದೆ ಸಾಲ ಕೊಡುವುದುಂಟು. ಆದರೆ ಕೋರ್ಸಿನ ಹೆಸರು ಸಮಾಜಶಾಸ್ತ್ರ ಎಂದು ಕಂಡೊಡನೆ ಕಡತ ಕೆಳಗೆ ಹೋಗುತ್ತದೆ ಎಂಬುದು ನನ್ನ ಅನುಭವ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ, ಕರ್ಣಾಟಕ ಬ್ಯಾಂಕುಗಳನ್ನು ಹೆತ್ತ ಊರು ನಮ್ಮದು. ಪಿಗ್ಮಿ ಸಂಗ್ರಹದ ಮೂಲಕ ಬೀಡಿ ಕಟ್ಟುವವರ, ಮೀನು ಮಾರುವವರ ನಾಲ್ಕಾಣೆಯನ್ನೂ ಬ್ಯಾಂಕಿಗೆ ತಂದ ಊರಿನಲ್ಲಿ ಅವರ ಮಕ್ಕಳ ಓದಿಗೆ ಈ ಒಂದು ವಿಷಯದಲ್ಲಿ ಬಾಗಿಲು ಇಷ್ಟು ಬಿಗಿಯಾಗಿರಬಾರದಿತ್ತು.

ಹಾಗೆಂದು ಸಾಲ ಮಾಡಿಯಾದರೂ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಬ್ರಿಟನ್ನಿನ ಒಂದು ವರ್ಷದ ಎಂ.ಎಸ್ಸಿ. ಅಥವಾ ಎಂ.ಎ. ಸಮಾಜಶಾಸ್ತ್ರಕ್ಕೆ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವೇ ಇಪ್ಪತ್ತು ಸಾವಿರ ಪೌಂಡ್ ದಾಟುತ್ತದೆ, ಲಂಡನ್ನಿನ ವಾಸದ ಖರ್ಚು ಬೇರೆ. ಮನೆ ಅಡವಿಟ್ಟು ಅಷ್ಟು ಹಣ ತೊಡಗಿಸಿ, ಸಮಾಜಶಾಸ್ತ್ರದ ಮೊದಲ ಸಂಬಳದಲ್ಲಿ ಅದನ್ನು ತೀರಿಸುವೆನೆಂದು ನಂಬುವುದು ಮಧ್ಯಮ ವರ್ಗದ ಕುಟುಂಬಕ್ಕೂ ಅಪಾಯಕಾರಿ. ಬ್ರಿಟನ್ನಿಗೆ ಹೋಗುವುದಾದರೆ ವಿದ್ಯಾರ್ಥಿವೇತನದ ಮೇಲೆಯೇ ಹೋಗಬೇಕು. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿರಬೇಕು. ಆಕ್ಸ್‌ಫರ್ಡ್, ರೀಡಿಂಗ್ ಮತ್ತು ಲಂಡನ್ನಿನ ಸೋಆಸ್‌ಗಳಲ್ಲಿ ಓದಲು ಫೆಲಿಕ್ಸ್ ವಿದ್ಯಾರ್ಥಿವೇತನವಿದೆ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನವೂ ಇದೆ. ನಮ್ಮ ಕಾಲೇಜುಗಳಲ್ಲಿ ಅಂತಿಮ ವರ್ಷದ ಸಮಾಜಶಾಸ್ತ್ರದ ವಿದ್ಯಾರ್ಥಿಗಳನ್ನು ಕೇಳಿ ನೋಡಿ, ಈ ಹೆಸರುಗಳನ್ನು ಕೇಳಿದವರು ತರಗತಿಗೆ ಒಬ್ಬಿಬ್ಬರೂ ಸಿಗುವುದು ಕಷ್ಟ.

ಸಾಮಾನ್ಯ ಕುಟುಂಬದ ಮಕ್ಕಳಿಗೆ ಹೆಚ್ಚು ಕೈಗೆಟಕುವ ದೇಶ ಜರ್ಮನಿ. ಸಮಾಜಶಾಸ್ತ್ರಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬನಾದ ಮ್ಯಾಕ್ಸ್ ವೆಬರ್‌ನ ನಾಡು ಅದು. ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲುಹ್ಮನ್ ಪಾಠ ಹೇಳಿದ ಬೀಲೆಫೆಲ್ಡ್‌ನಲ್ಲಿ ಸಮಾಜಶಾಸ್ತ್ರಕ್ಕೇ ಒಂದು ಪೂರ್ಣ ನಿಕಾಯವಿದೆ. ಗೊಟ್ಟಿಂಗನ್ ವಿಶ್ವವಿದ್ಯಾಲಯದಲ್ಲಿ ಆಧುನಿಕ ಭಾರತದ ಅಧ್ಯಯನಕ್ಕೆ ಮೀಸಲಾದ ಕೇಂದ್ರವಿದ್ದು, ಇಂಗ್ಲಿಷಿನಲ್ಲಿಯೇ ಎಂ.ಎ. ಓದಬಹುದು. ಹೈಡೆಲ್‌ಬರ್ಗ್‌ನ ದಕ್ಷಿಣ ಏಷ್ಯಾ ಸಂಸ್ಥೆ 1962ರಿಂದ ಕೆಲಸ ಮಾಡುತ್ತಿದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದವರಿಗೂ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೊಮ್ಮೆ ಕೊಡಬೇಕಾದ ಸಣ್ಣ ಮೊತ್ತವೊಂದೇ. ಆದರೆ ಬಾಡೆನ್ ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕ ವಿಧಿಸಿದ್ದಾರೆ. ಹೈಡೆಲ್‌ಬರ್ಗ್, ಫ್ರೈಬುರ್ಗ್, ಕಿಟ್ಟೆಲರ ಟ್ಯೂಬಿಂಗನ್ ಮೂರೂ ಇದೇ ರಾಜ್ಯದಲ್ಲಿರುವುದರಿಂದ ಅರ್ಜಿ ಹಾಕುವ ಮುನ್ನ ಇದನ್ನು ತಿಳಿದಿರುವುದು ಅವಶ್ಯ.

ಶುಲ್ಕವಿಲ್ಲ ಎಂದ ಮಾತ್ರಕ್ಕೆ ಖರ್ಚಿಲ್ಲ ಎಂದಾಗುವುದಿಲ್ಲ. ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನವೆಚ್ಚ 11,904 ಯೂರೊವನ್ನು, ಎಂದರೆ ಸುಮಾರು ಹನ್ನೆರಡು ಲಕ್ಷ ರೂಪಾಯಿಯನ್ನು, ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ ಮೊದಲೇ ಇಡಬೇಕು. ಅದು ಕಳೆದುಹೋಗುವ ಹಣವಲ್ಲ, ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೊದಂತೆ ವಿದ್ಯಾರ್ಥಿಯ ಕೈಗೇ ಬರುತ್ತದೆ. ಆದರೂ ಒಮ್ಮೆಗೆ ಅಷ್ಟು ಹಣ ಹೊಂದಿಸುವುದು ಚಿಕ್ಕ ಮಾತಲ್ಲ. ಅಣ್ಣನೋ ಸೋದರಮಾವನೋ ಗಲ್ಫಿನಲ್ಲಿರುವ ಕುಟುಂಬಗಳಲ್ಲಿ ಇದು ಹೇಗೋ ಆಗುತ್ತದೆ, ಉಳಿದವರಿಗೆ ದೊಡ್ಡ ತಡೆ. ಇದರ ಜೊತೆಗೆ 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳು ಎಪಿಎಸ್ ಪ್ರಮಾಣಪತ್ರವನ್ನು ಪಡೆಯುವುದು ಕಡ್ಡಾಯವಾಗಿದೆ. ನಮ್ಮ ಅಂಕಪಟ್ಟಿ, ಪದವಿಪತ್ರಗಳು ನಿಜವೇ ಎಂದು ಪರಿಶೀಲಿಸುವ ಈ ಪತ್ರಕ್ಕೆ 18,000 ರೂಪಾಯಿ ಶುಲ್ಕವಿದೆ, ಸಮಯವೂ ಹಿಡಿಯುತ್ತದೆ. ಹೋದ ಮೇಲೆ ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅವಕಾಶವಿದೆ, ಓದು ಮುಗಿದ ಮೇಲೆ ಕೆಲಸ ಹುಡುಕಲು ಹದಿನೆಂಟು ತಿಂಗಳು ಅಲ್ಲಿರಬಹುದು.

ಇಲ್ಲಿ ನಮ್ಮ ಪದವಿಯ ರಚನೆಯೇ ಒಂದು ತೊಡಕಾಗುತ್ತದೆ ಎಂಬುದನ್ನು ಪೋಷಕರಿಗಿಂತ ಮೊದಲು ಅಧ್ಯಾಪಕರು ಅರಿಯಬೇಕು. ಜರ್ಮನಿಯ ವಿಭಾಗಗಳು ಅರ್ಜಿದಾರರು ಸಮಾಜಶಾಸ್ತ್ರದಲ್ಲಿ ಎಷ್ಟು ಕ್ರೆಡಿಟ್ ಓದಿದ್ದಾರೆ, ಅದರಲ್ಲಿ ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ ಎಷ್ಟು ಎಂದು ಎಣಿಸಿ ನೋಡುತ್ತವೆ. ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಂದು ಮೂರು ಐಚ್ಛಿಕಗಳಲ್ಲಿ ಹಂಚಿಹೋದ ನಮ್ಮ ಬಿ.ಎ.ಯಲ್ಲಿ ಎಣಿಸಿದಾಗ ಸಮಾಜಶಾಸ್ತ್ರದ ಪಾಲು ಹಲವು ಬಾರಿ ಸಾಲದಾಗುತ್ತದೆ. ಪ್ರಥಮ ದರ್ಜೆಯಲ್ಲಿ ಪಾಸಾದ ಹುಡುಗನೊಬ್ಬನ ಅರ್ಜಿ ಈ ಒಂದೇ ಕಾರಣಕ್ಕೆ ತಿರಸ್ಕೃತವಾದದ್ದನ್ನು ನಾನು ಕಂಡಿದ್ದೇನೆ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಾಗ ಈ ಕೊರತೆ ತುಂಬೀತೆಂಬ ಆಸೆಯಿತ್ತು. 2024ರಲ್ಲಿ ರಾಜ್ಯ ಮರಳಿ ಮೂರು ವರ್ಷಕ್ಕೆ ಬಂದಿದೆ. ಆ ನಿರ್ಧಾರಕ್ಕೆ ಬಡ ಮಕ್ಕಳ ದೃಷ್ಟಿಯಿಂದ ಒಳ್ಳೆಯ ಕಾರಣಗಳೂ ಇದ್ದವು, ಆ ಚರ್ಚೆ ಇಲ್ಲಿ ಬೇಡ. ಆದರೆ ಹೊರಗೆ ಹೋಗಬಯಸುವವರು ಇಲ್ಲಿಯೇ ಎರಡು ವರ್ಷದ ಎಂ.ಎ. ಮುಗಿಸಿ, ಒಂದು ಸರಿಯಾದ ಪ್ರಬಂಧ ಬರೆದು ಹೋಗುವುದು ಈಗ ಹೆಚ್ಚು ಕ್ಷೇಮ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗವಿದೆ, ಮಂಗಳೂರಿನ ರೋಶನಿ ನಿಲಯದಲ್ಲಿ 1960ರಿಂದ ಸಮಾಜಕಾರ್ಯದ ಶಿಕ್ಷಣ ನಡೆಯುತ್ತಿದೆ. ಮೊದಲ ತಳಪಾಯವನ್ನು ಊರಿನಲ್ಲಿಯೇ ಹಾಕಿಕೊಳ್ಳಬಹುದು.

ಅಮೆರಿಕದ ವಿಷಯದಲ್ಲಿ ಜನರಲ್ಲಿರುವ ತಿಳಿವಳಿಕೆ ಪೂರ್ತಿ ತಿರುಗಾಮುರುಗಾ. ಅಲ್ಲಿ ದುಬಾರಿಯಾದದ್ದು ಎರಡು ವರ್ಷದ ಸ್ನಾತಕೋತ್ತರ ಪದವಿ. ಐದಾರು ವರ್ಷ ಹಿಡಿಯುವ ಪಿಎಚ್.ಡಿ.ಗೆ ಒಳ್ಳೆಯ ಸಮಾಜಶಾಸ್ತ್ರ ವಿಭಾಗಗಳು ಶುಲ್ಕ ಮನ್ನಾ ಮಾಡಿ, ಬೋಧನಾ ಸಹಾಯಕರಾಗಿ ದುಡಿದದ್ದಕ್ಕೆ ತಿಂಗಳ ವೇತನವನ್ನೂ ಕೊಡುತ್ತವೆ. ಸೀಟು ಬಹಳ ಕಡಿಮೆ, ಸ್ಪರ್ಧೆ ಬಹಳ ಹೆಚ್ಚು. ಆದರೆ ಆಯ್ಕೆಯಾದವರು ಅಡಮಾನಕ್ಕೆ ಆಸ್ತಿಯಿಲ್ಲವೆಂದು ಹಿಂದೆ ಸರಿಯಬೇಕಾಗಿಲ್ಲ.

ಈಗ ಎರಡನೆಯ ವಿದ್ಯಾರ್ಥಿಯ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ನಿಜವಾದ ಕಾರಣ ಅವನೇ.

ಕಾಪು ಕಡೆಯ ಹುಡುಗ, ಪರಿಶಿಷ್ಟ ಜಾತಿಗೆ ಸೇರಿದವನು, ತಲೆಮಾರುಗಳಿಂದ ನೇಮದಲ್ಲಿ ವೇಷ ಧರಿಸಿ ದೈವಕ್ಕೆ ಕಟ್ಟುವ ಮನೆತನ. ಅಜ್ಜ, ತಂದೆ, ಈಗ ಅವನೂ ಕಟ್ಟುತ್ತಾನೆ. ಎಂ.ಎ.ಯಲ್ಲಿ ಪ್ರಥಮ ದರ್ಜೆ. ನೇಮದ ಮೊದಲು ದೈವ ಕಟ್ಟುವವನಿಗೆ ಎಣ್ಣೆಬೂಳ್ಯ, ಎಂದರೆ ಎಣ್ಣೆ ಮತ್ತು ವೀಳ್ಯ, ಕೊಡುವ ಕ್ರಮ ಇಲ್ಲಿನವರಿಗೆಲ್ಲ ತಿಳಿದಿದೆ. ಎಣ್ಣೆಬೂಳ್ಯ ಕೊಡುವ ಕೈ ಯಾರದು, ತೆಗೆದುಕೊಳ್ಳುವ ಹಕ್ಕು ಯಾವ ಮನೆಯದು, ಸೇವೆಗೆಂದು ಬಿಟ್ಟ ಜಾಗ 1974ರ ಭೂಸುಧಾರಣೆಯ ನಂತರ ಏನಾಯಿತು, ಗುತ್ತಿನ ಮನೆಯ ಕೈಯಿಂದ ಆಡಳಿತ ಸಮಿತಿಯ ಕೈಗೆ ನೇಮ ಹೋದಾಗ ಕಟ್ಟುವವನ ಮರ್ಯಾದೆಯೂ ಸಂಭಾವನೆಯೂ ಹೇಗೆ ಬದಲಾದವು ಎಂಬುದೇ ಅವನ ಸಂಶೋಧನೆಯ ಪ್ರಶ್ನೆ. ಹಾಂಕೊ, ಕ್ಲಾಸ್, ಬ್ರೂಕ್ನರ್ ಅವರು ಕೇಳಿದ ಪ್ರಶ್ನೆಗಳ ಮುಂದಿನ ಹೆಜ್ಜೆ ಇದು. ಅವರು ಎಷ್ಟು ದೊಡ್ಡ ವಿದ್ವಾಂಸರಾದರೂ ಮುಖಕ್ಕೆ ಅರದಾಳ ಬಳಿದುಕೊಂಡು ಇಡೀ ರಾತ್ರಿ ಬೆನ್ನ ಹಿಂದೆ ಕಟ್ಟುವ ಅಣಿ ಹೊತ್ತು ನಿಂತವರಲ್ಲ. ಆ ಅನುಭವದ ಒಳಗಿನಿಂದ ಕೇಳುವ ಪ್ರಶ್ನೆಗೆ ಬೇರೆಯದೇ ತೂಕವಿದೆ.

ಅವನಿಗಾಗಿಯೇ ಎಂಬಂತೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಯೋಜನೆಯಿದೆ. 125 ಸ್ಥಾನಗಳಲ್ಲಿ 115 ಪರಿಶಿಷ್ಟ ಜಾತಿಯವರಿಗೆ, ಉಳಿದವು ಅಲೆಮಾರಿ ಸಮುದಾಯಗಳಿಗೆ, ಭೂರಹಿತ ಕೃಷಿಕಾರ್ಮಿಕರಿಗೆ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳಿಗೆ. ಕುಟುಂಬದ ಆದಾಯ ವರ್ಷಕ್ಕೆ ಎಂಟು ಲಕ್ಷ ಮೀರಬಾರದು, ಅರ್ಹತಾ ಪರೀಕ್ಷೆಯಲ್ಲಿ ಶೇ. 60 ಅಂಕ ಬೇಕು. ಎಲ್ಲ ಅರ್ಹತೆಯೂ ಅವನಿಗಿತ್ತು. ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಮೊಬೈಲಿನಲ್ಲಿ ಮಾರ್ಗಸೂಚಿಯನ್ನು ಓದುತ್ತಾ ಬಂದವನು ಒಂದು ಸಾಲಿನಲ್ಲಿ ನಿಂತ, ಮತ್ತೊಮ್ಮೆ ಓದಿದ, ಮೊಬೈಲನ್ನು ನನ್ನ ಕೈಗೆ ಕೊಟ್ಟ. 2022ರಲ್ಲಿ ಸೇರಿಸಿದ ಆ ನಿಯಮದ ಸಾರ ಹೀಗಿದೆ: ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಹಾಗೂ ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನದ ಸಂಶೋಧನಾ ವಿಷಯಗಳು ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ. ‘ಮೇಡಂ, ಇದು ನಮ್ಮಂಥವರಿಗೇ ಇರುವ ಸ್ಕಾಲರ್‌ಶಿಪ್ ಅಲ್ವಾ?’ ಎಂದು ಕೇಳಿದ. ನನಗೆ ಉತ್ತರಿಸಲಾಗಲಿಲ್ಲ.

ಈ ನಿಯಮಕ್ಕೆ ಕೊಡುವ ಸಮರ್ಥನೆಯೆಂದರೆ, ಭಾರತದ ಬಗ್ಗೆ ಓದಲು ಭಾರತದಲ್ಲಿಯೇ ಸಾಮಗ್ರಿಯೂ ವಿದ್ವಾಂಸರೂ ಇರುವಾಗ ಹೊರಗೆ ಹೋಗುವ ಅಗತ್ಯವೇನು ಎಂಬುದು. ಕೇಳಲು ಇದು ಸರಿಯೆನಿಸಬಹುದು. ಆದರೆ ನಮ್ಮ ಮಟ್ಟಿಗೆ ಸಾಮಗ್ರಿಯೇ ಹೊರಗಿದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಕೆಲಸಗಾರರ ಚರಿತ್ರೆ ಬರೆಯಬೇಕೆಂದರೆ ಮಿಷನರಿಗಳ ಪತ್ರಗಳೂ ಫೋಟೋಗಳೂ ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಬ್ರಿಟಿಷರ ಕಾಲದ ಇಂಡಿಯಾ ಆಫೀಸಿನ ದಾಖಲೆಗಳಿರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ಸಾಮಗ್ರಿಯ ಮಾತು ಹಾಗಿರಲಿ, ಬೇರೆ ಸಮಾಜಗಳ ಜೊತೆ ಹೋಲಿಸಿ ನೋಡುವ ಅಭ್ಯಾಸ, ಆಫ್ರಿಕಾದ ಅಥವಾ ಲ್ಯಾಟಿನ್ ಅಮೆರಿಕದ ಸಹಪಾಠಿಯೊಬ್ಬ ತನ್ನ ಊರಿನ ಬಗ್ಗೆ ಹೇಳುವಾಗ ನಮ್ಮ ಊರು ಬೇರೆಯಾಗಿ ಕಾಣುವ ಅನುಭವ, ಇವು ಕೊಣಾಜೆಯ ಗುಡ್ಡದ ಮೇಲೆ ಕುಳಿತು ಸಿಗುವಂಥವಲ್ಲ. ನಾನು ಅಲ್ಲಿಯೇ ಓದಿದವಳು, ಆ ವಿಭಾಗದ ಮೇಲೆ ಅಪಾರ ಗೌರವವಿಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿಯನ್ನು ನೆನಪಿಸಲೇಬೇಕು. ಡಾ. ಬಿ.ಆರ್. ಅಂಬೇಡ್ಕರ್ 1913ರಲ್ಲಿ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1916ರ ಮೇ ತಿಂಗಳಲ್ಲಿ ಅಲ್ಲಿನ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಅವರು ಮಂಡಿಸಿದ ಪ್ರಬಂಧ ಭಾರತದ ಜಾತಿಗಳ ಹುಟ್ಟು, ಬೆಳವಣಿಗೆಗಳ ಬಗ್ಗೆ. ಕೊಲಂಬಿಯಾದ ಡಾಕ್ಟರೇಟ್ ಪ್ರಬಂಧ ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಬಗ್ಗೆ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಬರೆದದ್ದು ರೂಪಾಯಿಯ ಸಮಸ್ಯೆಯ ಬಗ್ಗೆ. ಎಲ್ಲವೂ ಭಾರತದ್ದೇ. ಇಂದಿನ ನಿಯಮ ಅಂದು ಬರೋಡದಲ್ಲಿ ಇದ್ದಿದ್ದರೆ ಜಾತಿಯ ಬಗೆಗಿನ ಆ ಪ್ರಬಂಧಕ್ಕೆ ಹಣ ಸಿಗುತ್ತಿರಲಿಲ್ಲ. ಅವರ ಭಾವಚಿತ್ರಕ್ಕೆ ಹಾರ ಹಾಕುವ ಸಚಿವಾಲಯವೇ ಈ ನಿಯಮವನ್ನು ಹೊರಡಿಸಿರುವುದು ನನಗೆ ತೀವ್ರ ನೋವಿನ ಸಂಗತಿ.

ವಿಷಯವನ್ನು ಸ್ವಲ್ಪ ತಿರುಗಿಸಿ ಬರೆ, ಬೇರೆ ದೇಶದ ಆಚರಣೆಯೊಂದನ್ನು ಹೆಸರಿಸು ಎಂದು ಸಲಹೆ ಕೊಟ್ಟವರಿದ್ದರು. ಹುಡುಗ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯಿಂದ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಹೊರದೇಶದಲ್ಲಿ ಓದಲು ನೆರವು ಪಡೆಯಬಹುದು. ಅದು ಮೆಚ್ಚತಕ್ಕದ್ದು. ಸಮಾಜವಿಜ್ಞಾನಗಳಿಗೆ ಅದರಲ್ಲಿ ಕೆಲವು ಸ್ಥಾನಗಳನ್ನು ಸ್ಪಷ್ಟವಾಗಿ ಕಾಯ್ದಿರಿಸಿ, ಸಂಶೋಧನೆಯ ವಿಷಯಕ್ಕೆ ಯಾವ ಗಡಿಯನ್ನೂ ಹಾಕದಿದ್ದರೆ ಕೇಂದ್ರ ಮುಚ್ಚಿದ ಬಾಗಿಲನ್ನು ರಾಜ್ಯ ತೆರೆದಂತಾಗುತ್ತದೆ. ಆದರೆ ಮೂಲ ತಪ್ಪು ಸರಿಹೋಗಬೇಕಾದದ್ದು ದೆಹಲಿಯಲ್ಲಿ. ನಮ್ಮ ಎರಡೂ ಜಿಲ್ಲೆಗಳ ಸಂಸದರು 2022ರ ಆ ನಿಯಮವನ್ನು ರದ್ದುಪಡಿಸುವಂತೆ ಸಚಿವಾಲಯವನ್ನು ಒತ್ತಾಯಿಸಬೇಕು ಎಂದು ಈ ಪತ್ರದ ಮೂಲಕ ಬೇಡಿಕೊಳ್ಳುತ್ತೇನೆ. ದೈವಸ್ಥಾನಗಳ ಬ್ರಹ್ಮಕಲಶೋತ್ಸವಕ್ಕೆ ಅವರು ತಪ್ಪದೆ ಬರುತ್ತಾರೆ. ಆ ದೈವಕ್ಕೆ ಕಟ್ಟುವವನ ಮಗನ ಓದಿಗೂ ಅವರು ಮಾತನಾಡಲಿ ಎಂಬುದು ಹೆಚ್ಚಿನ ಆಸೆಯೇನೂ ಅಲ್ಲ.

ಓದಿ ಬಂದ ಮೇಲೇನು ಎಂಬ ಪ್ರಶ್ನೆಯನ್ನು ಪೋಷಕರು ಕೇಳುವುದು ಸಹಜ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಜಗತ್ತಿನ ಮೊದಲ ಐನೂರು ಸ್ಥಾನಗಳೊಳಗಿನ ವಿಶ್ವವಿದ್ಯಾಲಯದ ಪಿಎಚ್.ಡಿ. ಇದ್ದರೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ. ಬರಿಯ ಸ್ನಾತಕೋತ್ತರ ಪದವಿಯಾದರೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಬರೆಯಬೇಕು, 2025ರ ಹೊಸ ನಿಯಮದ ಪ್ರಕಾರ ತತ್ಸಮಾನತೆಯ ಪತ್ರವನ್ನೂ ಪಡೆಯಬೇಕು. ಬೋಧನೆಯ ಹೊರಗೆ ಸಂಶೋಧನಾ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು, ಆರೋಗ್ಯ ಮತ್ತು ನಗರ ಯೋಜನೆಯ ಸಮೀಕ್ಷೆಗಳು ಇವರನ್ನು ತೆಗೆದುಕೊಳ್ಳುತ್ತವೆ. ಸಾಫ್ಟ್‌ವೇರ್ ಸಂಬಳ ಬರುವುದಿಲ್ಲ. ಅದನ್ನು ಮೊದಲೇ ಹೇಳಿ ಕಳುಹಿಸುವುದು ನ್ಯಾಯ.

ಮಂಗಳೂರಿನ ವಿದೇಶ ವ್ಯಾಸಂಗದ ಸಲಹಾ ಕಚೇರಿಯೊಂದಕ್ಕೆ ಬೀಡಿ ಕಟ್ಟುವ ಮನೆಯ ಆ ಹುಡುಗಿ ಮೊದಲು ಹೋಗಿದ್ದಳು. ‘ಸೋಶಿಯಾಲಜಿ ಬೇಡ, ಮ್ಯಾನೇಜ್‌ಮೆಂಟ್‌ಗೆ ಹಾಕುವ, ಆಫರ್ ಲೆಟರ್ ಎರಡು ವಾರದಲ್ಲಿ ಬರ್ತದೆ’ ಎಂದು ಅಲ್ಲಿ ಹೇಳಿದರಂತೆ. ಶುಲ್ಕವಿಲ್ಲದ ವಿಶ್ವವಿದ್ಯಾಲಯಗಳ ಬಗ್ಗೆಯಾಗಲಿ, ವಿದ್ಯಾರ್ಥಿವೇತನಗಳ ಬಗ್ಗೆಯಾಗಲಿ ಅಲ್ಲಿ ಯಾರೂ ಬಾಯಿ ಬಿಡಲಿಲ್ಲ. ಇಂಥ ಹಲವು ಕಚೇರಿಗಳ ಆದಾಯ ಶುಲ್ಕ ವಸೂಲು ಮಾಡುವ ವಿಶ್ವವಿದ್ಯಾಲಯಗಳು ಕೊಡುವ ಕಮಿಷನ್ನಿನಿಂದ ಬರುತ್ತದೆ ಎಂಬುದನ್ನು ಪೋಷಕರು ತಿಳಿದಿರಬೇಕು. ಆದ್ದರಿಂದ ಈ ಕೆಲಸವನ್ನು ಕಾಲೇಜುಗಳೇ ಮಾಡಬೇಕು. ನಾವು ಅಧ್ಯಾಪಕರು ಒಂದೇ ಶಿಫಾರಸು ಪತ್ರವನ್ನು ಹೆಸರು ಬದಲಿಸಿ ಹತ್ತು ಜನರಿಗೆ ಕೊಡುವುದನ್ನು ಬಿಡಬೇಕು. ಮಗು ಬರೆದ ಒಂದು ಒಳ್ಳೆಯ ಪ್ರಬಂಧವನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಏನು ಹೊಸತು ಎಂದು ಎರಡು ಪುಟ ಬರೆಯಬೇಕು. ವಿಶ್ವವಿದ್ಯಾಲಯಗಳು ಟ್ರಾನ್ಸ್‌ಕ್ರಿಪ್ಟನ್ನು ಎರಡು ವಾರದೊಳಗೆ ಕೊಡುವ ಕಟ್ಟುನಿಟ್ಟಿನ ವ್ಯವಸ್ಥೆ ಮಾಡಿದರೆ ಅದೊಂದೇ ಎಷ್ಟೋ ಮಕ್ಕಳ ಒಂದು ವರ್ಷವನ್ನು ಉಳಿಸೀತು. ತಮ್ಮ ಪತ್ರಿಕೆಯೂ ಮುಂದಿನ ಪುರವಣಿಯಲ್ಲಿ ಈ ವಿಷಯಗಳಿಗೆ ಒಂದು ಪುಟ ಮೀಸಲಿಡಬೇಕೆಂದು ವಿನಂತಿಸುತ್ತೇನೆ, ಅದೂ ಅರ್ಜಿಯ ಕಾಲ ಕಳೆಯುವ ಮುನ್ನ. ಎರಸ್ಮಸ್ ಮುಂಡಸ್‌ನ ಹೆಚ್ಚಿನ ಕೋರ್ಸುಗಳಿಗೆ ಅಕ್ಟೋಬರ್ ಮತ್ತು ಜನವರಿಯ ನಡುವೆ ಅರ್ಜಿ ಕರೆಯುತ್ತಾರೆ, ಅಮೆರಿಕದ ಪಿಎಚ್.ಡಿ.ಗೆ ಬಹುಮಟ್ಟಿಗೆ ಡಿಸೆಂಬರಿನಲ್ಲಿ ಗಡುವು.

ಆ ಹುಡುಗ ಸದ್ಯ ಅತಿಥಿ ಉಪನ್ಯಾಸಕನಾಗಿ ದುಡಿಯುತ್ತಾ ಅಮೆರಿಕದ ಮೂರು ವಿಭಾಗಗಳಿಗೆ ಅರ್ಜಿ ತಯಾರಿಸುತ್ತಿದ್ದಾನೆ, ತನ್ನದೇ ವಿಷಯದ ಮೇಲೆ. ಬರವಣಿಗೆಯನ್ನು ದೀಪಾವಳಿಯೊಳಗೆ ಮುಗಿಸಬೇಕಾಗಿದೆ, ಏಕೆಂದರೆ ಆಮೇಲೆ ನೇಮಗಳು ಶುರುವಾಗುತ್ತವೆ, ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಅವನಿಗೆ ರಾತ್ರಿ ಬಿಡುವಿರುವುದಿಲ್ಲ.

ಇಂತಿ,
ನಿವೃತ್ತ ಸಮಾಜಶಾಸ್ತ್ರ ಉಪನ್ಯಾಸಕಿ,
ಕುಂಜಿಬೆಟ್ಟು, ಉಡುಪಿ